ಹಾಸನ ಸೀಮೆಯಲ್ಲಿ ಕಡೆಯುವ ವಿದ್ಯೆ

ಹಾಸನ ಜಿಲ್ಲೆಯ ಚರಿತ್ರೆಯೆಂದರೆ ಹೊಯ್ಸಳರ ಗುಡಿಗಳು, ಶ್ರವಣಬೆಳಗೊಳದ ಬಸದಿಗಳು, ಪಾಳೆಯಗಾರರ ಕೋಟೆಗಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ೧೯೦೨ರಲ್ಲಿ ರೈಸ್ ಮಹಾಶಯರು ಈ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದ ಮೇಲೆ ನಡೆದ ಸಂಶೋಧನೆಯು ಬಹುಮಟ್ಟಿಗೆ ಅರಸರ ವಂಶಾವಳಿ, ದಾನ, ಶಿಲ್ಪಲಕ್ಷಣ ಇವುಗಳ ಸುತ್ತಲೇ ಬೆಳೆಯಿತು. ಅದು ಅವಶ್ಯವಾದ ಕೆಲಸ. ಅದರ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಆದರೆ ಆ ಕಂಬಗಳನ್ನು ಕಡೆದ ಕೈಗಳು ಯಾವ ಉಪಕರಣವನ್ನು ಹಿಡಿದವು, ಆ ವಿದ್ಯೆ ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ಸಂದಿತು, ಈಗ ಅದೇ ಸೀಮೆಯಲ್ಲಿ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಕಡೆಯುವ ವಿದ್ಯೆ ಯಾವ ದಾರಿಯಲ್ಲಿ ಬಂತು ಎಂಬ ಪ್ರಶ್ನೆಗಳಿಗೆ ಚರಿತ್ರೆಯ ಪಾಠಪಟ್ಟಿಯಲ್ಲಿ ದೊರೆತಿರುವ ಸ್ಥಳ ಬಹು ಕಡಮೆ. ಪ್ರಕೃತ ಲೇಖನದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣೆದುರಿಗಿಟ್ಟುಕೊಂಡು ಆ ಪ್ರಶ್ನೆಗಳನ್ನು ವಿಚಾರಿಸಹೊರಟಿದ್ದೇವೆ.

ಇದಕ್ಕೆ ಸದ್ಯದ ಪ್ರಸಂಗವೊಂದು ಪ್ರೇರಣೆ. ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದಾದ, ಗಣಕದಿಂದ ನಡೆಯುವ ಮಿಲ್ಲಿಂಗ್ ಯಂತ್ರಗಳು ಈಚಿನ ವರ್ಷಗಳಲ್ಲಿ ಸಾಮಾನ್ಯರ ಕೈಗೆ ಎಟುಕುವಂತಾಗಿವೆ. ಇವುಗಳಲ್ಲಿ ಅತಿ ಚಿಕ್ಕದರ ಬೆಲೆ ಒಂದು ಹೊಸ ಮೋಟಾರು ಬೈಕಿನ ಬೆಲೆಗಿಂತ ಕಡಮೆ. ಇಂಜಿನಿಯರಿಂಗ್ ವಿದ್ಯಾರ್ಥಿಯೋ, ಹವ್ಯಾಸಿಯೋ, ಸಣ್ಣ ಅಂಗಡಿಯ ಯಜಮಾನನ ಮಗನೋ ಮನೆಯ ಪಡಸಾಲೆಯಲ್ಲಿ ಕುಳಿತು ಲೋಹದ ಬಿಡಿಭಾಗವನ್ನು ಕೆತ್ತಲು ಕಲಿಯುವುದು ಈಗ ಅಸಾಧ್ಯವಲ್ಲ. ಇದನ್ನು ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಈ ವಿದ್ಯೆ ಹೊರಗಿನಿಂದ ಬಂದದ್ದು, ನಮ್ಮ ಸೀಮೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಒಂದು. ಯಂತ್ರಕ್ಕೆ ಅಂಕೆಗಳನ್ನು ಕೊಟ್ಟರೆ ಸಾಕು, ಇನ್ನು ಕೈಚಳಕದ ಅವಶ್ಯಕತೆಯೇ ಇಲ್ಲ ಎಂಬುದು ಇನ್ನೊಂದು. ಎರಡೂ ಪರೀಕ್ಷೆಗೆ ನಿಲ್ಲವೆಂದು ನಮ್ಮ ಅಭಿಮತ. ಆದರೆ ಮೊದಲನೆಯದನ್ನು ಖಂಡಿಸುವ ಉತ್ಸಾಹದಲ್ಲಿ ಹೊಯ್ಸಳರ ಕಾಲದಿಂದ ಇಂದಿನವರೆಗೆ ಕಡಿಯದ ಪರಂಪರೆಯೊಂದಿದೆಯೆಂದು ಸಾರುವವರ ಜೊತೆಗೂ ನಾವು ಸೇರಲಾರೆವು.

ಮೊದಲು ಶಬ್ದವನ್ನೇ ನೋಡೋಣ. ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಕಡೆ ಎಂಬ ಅರ್ಥವೂ, ಮರವನ್ನೋ ಕಲ್ಲನ್ನೋ ಲೋಹವನ್ನೋ ತಿರುಗಿಸಿ ಉಳಿಯಿಂದ ರೂಪುಗೊಳಿಸು ಎಂಬ ಅರ್ಥವೂ ಉಂಟು. ಮೊದಲನೆಯದರಿಂದ ಕಡೆಗೋಲು ಬಂತು. ಎರಡನೆಯದರಿಂದ ‘ಕಡಚಲು’, ‘ಕಡಸಲು’ ಎಂಬ, ಲೇತನ್ನು ಸೂಚಿಸುವ ಹಳೆಯ ಶಬ್ದಗಳು ಬಂದವು. ತಮಿಳಿನ ‘ಕಡೈ’ ಎಂಬ ಧಾತುವಿಗೂ ಈ ಎರಡು ಅರ್ಥಗಳಿವೆ. ಆದುದರಿಂದ ಈ ಸಾಮ್ಯ ಆಕಸ್ಮಿಕವಲ್ಲ. ಹಗ್ಗವನ್ನು ಕೋಲಿಗೆ ಸುತ್ತಿ ಅತ್ತಿತ್ತ ಎಳೆದರೆ ಕೋಲು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತದೆ. ಮಜ್ಜಿಗೆ ಕಡೆಯುವ ಮನೆಯಾಕೆಯೂ ಹಳೆಯ ಕಾಲದ ಮರಗೆಲಸದವನೂ ಬಳಸಿದ್ದು ಈ ಒಂದೇ ಉಪಾಯವನ್ನು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೊಸರು ಕಡೆಯುವಾಗ ಉಪಕರಣ ತಿರುಗುತ್ತದೆ, ವಸ್ತು ನಿಂತಿರುತ್ತದೆ. ಕಂಬ ಕಡೆಯುವಾಗ ವಸ್ತು ತಿರುಗುತ್ತದೆ, ಉಪಕರಣ ನಿಂತಿರುತ್ತದೆ. ಯಂತ್ರಶಾಸ್ತ್ರದಲ್ಲಿ ಮಿಲ್ಲಿಂಗಿಗೂ ಟರ್ನಿಂಗಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಇಂಗ್ಲಿಷಿನಲ್ಲಿ ಎರಡು ಬೇರೆ ಮಾತುಗಳಿಂದ ಹೇಳುವುದನ್ನು ನಮ್ಮ ಭಾಷೆ ಒಂದೇ ಧಾತುವಿನ ಹೊಟ್ಟೆಯಲ್ಲಿಟ್ಟುಕೊಂಡಿದೆ. ಪಾರಿಭಾಷಿಕ ಪದಗಳಿಗಾಗಿ ಸಂಸ್ಕೃತದ ಕಡೆಗೆ ಓಡುವ ಮುನ್ನ ಇಂಥ ಮಾತುಗಳನ್ನು ನಮ್ಮ ಅಧ್ಯಾಪಕರು ಒಮ್ಮೆ ತಿರುವಿ ನೋಡಿದರೆ ಒಳ್ಳೆಯದು.

ಇನ್ನು ಕಂಬಗಳ ವಿಚಾರ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ೧೧೧೩-೧೪ರ ಸುಮಾರಿನದು. ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಅದನ್ನು ಕಟ್ಟಿಸಿದರು. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ೧೧೮೧ರಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ ಕಟ್ಟಿಸಿದಳು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನಿಂದ ಆಯಿತು. ಹೊಯ್ಸಳರ ಇಂಥ ಗುಡಿಗಳ ನವರಂಗದಲ್ಲಿ ನಿಂತು ಕಂಬಗಳನ್ನು ನೋಡಿದವರಿಗೆ ಅವುಗಳ ಘಂಟೆಯಾಕಾರದ ಭಾಗ, ಕುಂಭ, ಬಿಲ್ಲೆಯಂಥ ಚೂಪಾದ ಅಂಚುಗಳು ಇವೆಲ್ಲ ಒಂದೇ ಅಚ್ಚಿನ ಸುತ್ತ ಸುತ್ತಿದಂತೆ ಕಾಣುತ್ತವೆ. ಬುಡ ಮಾತ್ರ ಅನೇಕ ಕಡೆ ಚೌಕನಾಗಿಯೇ ಉಳಿದಿದೆ. ಸುತ್ತಲೂ ಸಮಾನಾಂತರವಾಗಿ ಓಡುವ ಸಣ್ಣ ಗೆರೆಗಳು ಬೆಳಕು ಓರೆಯಾಗಿ ಬಿದ್ದಾಗ ಎದ್ದು ತೋರುತ್ತವೆ. ಕಲಾಚರಿತ್ರೆಕಾರರು ಇವನ್ನು ತಿರುಗಣೆಯಲ್ಲಿ ಕಡೆದ ಕಂಬಗಳೆಂದು ಕರೆದಿರುವುದು ಈ ಲಕ್ಷಣಗಳಿಂದಲೇ.

ಇಷ್ಟು ಭಾರದ ಕಲ್ಲನ್ನು ತಿರುಗಿಸುವುದು ಸಾಧ್ಯವೇ ಎಂದು ಸಂದೇಹಪಡುವವರುಂಟು. ಲೆಕ್ಕ ಹಾಕಿ ನೋಡಬಹುದು. ಎರಡು ಅಡಿ ವ್ಯಾಸ, ಆರು ಅಡಿ ಉದ್ದದ ಬಳಪದ ಕಲ್ಲಿನ ದಿಂಡು ಸುಮಾರು ಒಂದೂವರೆ ಟನ್ ತೂಗುತ್ತದೆ. ಅಚ್ಚು ಸರಿಯಾಗಿ ಕುಳಿತು, ತೂಕ ಎಲ್ಲ ಕಡೆಯೂ ಸಮನಾಗಿದ್ದರೆ, ಅದನ್ನು ಮೆಲ್ಲಗೆ ತಿರುಗಿಸುವುದಕ್ಕೆ ಕೆಲವು ಆಳುಗಳ ಬಲವೋ ಎತ್ತಿನ ಬಲವೋ ಸಾಕು. ತೇರಿನಂಥ ಭಾರವನ್ನು ಹಗ್ಗ ಹಿಡಿದು ಎಳೆದ ಜನಕ್ಕೆ ಇದು ಅಸಾಧ್ಯವಾದ ಕೆಲಸವಲ್ಲ. ಮೇಲಾಗಿ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತುವು. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆ ದಿಂಡು ನಿಮಿಷಕ್ಕೆ ಹತ್ತು ಸುತ್ತು ತಿರುಗಿತೆಂದಿಟ್ಟುಕೊಳ್ಳೋಣ. ಆಗ ಉಳಿಯ ಮುಂದೆ ಕಲ್ಲಿನ ಮೈ ನಿಮಿಷಕ್ಕೆ ಸುಮಾರು ೧೯ ಮೀಟರ್ ವೇಗದಲ್ಲಿ ಸಾಗುತ್ತದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿನ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ ೬ ಮಿಲಿಮೀಟರ್ ವ್ಯಾಸದ ಕಟ್ಟರು ಇದೇ ವೇಗವನ್ನು ಮುಟ್ಟಬೇಕಾದರೆ ನಿಮಿಷಕ್ಕೆ ಸಾವಿರ ಸುತ್ತು ತಿರುಗಬೇಕು. ಕಡೆಯುವ ಕೆಲಸದಲ್ಲಿ ಮುಖ್ಯವಾದದ್ದು ಸುತ್ತುಗಳ ಎಣಿಕೆಯಲ್ಲ, ಅಲಗಿನ ಎದುರು ಮೈ ಸಾಗುವ ವೇಗ. ಹೊಸದಾಗಿ ಕಲಿಯುವವನು ಮೊದಲು ಎಡವುವುದು ಈ ಒಂದು ಮಾತಿನಲ್ಲಿಯೇ.

ಈ ಕೆಲಸವನ್ನು ಮಾಡಿದವರ ಹೆಸರುಗಳಲ್ಲಿಯೂ ಒಂದು ಸ್ವಾರಸ್ಯವಿದೆ. ದೊಡ್ಡಗದ್ದವಳ್ಳಿಯಲ್ಲಿ ಮಲ್ಲೋಜ ಮಣಿಯೋಜ, ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ. ‘ಓಜ’ ಎಂಬುದು ಸಂಸ್ಕೃತದ ಉಪಾಧ್ಯಾಯ ಶಬ್ದ ಪ್ರಾಕೃತದ ಮೂಲಕ ಸವೆದು ಬಂದ ರೂಪ. ಹಳಗನ್ನಡದಲ್ಲಿ ಅದಕ್ಕೆ ಗುರು ಎಂದೇ ಅರ್ಥ. ಉಳಿ ಹಿಡಿದವನನ್ನು ಆ ಕಾಲದ ಜನ ಕೂಲಿಯೆಂದು ಕರೆಯಲಿಲ್ಲ, ಮೇಷ್ಟರೆಂದು ಕರೆದರು. ಇಂದಿನ ಲೇತಿನ ಅಂಗಡಿಯಲ್ಲಿ ಹುಡುಗರು ಯಜಮಾನನನ್ನು ‘ಮೇಸ್ತ್ರಿ’ ಎನ್ನುವಾಗ, ಪೋರ್ಚುಗೀಸ್ ಮೂಲದ ಆ ಶಬ್ದವೂ ಗುರು ಎಂಬ ಅರ್ಥದಿಂದಲೇ ಹೊರಟದ್ದೆಂಬುದನ್ನು ನೆನೆಯಬಹುದು.

ಆದರೆ ಓಜನಿಗೂ ಮೇಸ್ತ್ರಿಗೂ ನಡುವೆ ಇರುವುದು ಅರ್ಥದ ಸಾದೃಶ್ಯವೇ ಹೊರತು ವಂಶದ ಕೊಂಡಿಯಲ್ಲ. ಹೊಯ್ಸಳ ರಾಜ್ಯ ಅಳಿದ ಮೇಲೆ ಅಂಥ ಕಂಬಗಳನ್ನು ಕಡೆಯುವ ರೂಢಿ ನಿಂತಿತು; ವಿಜಯನಗರದ ಕಾಲದ ಕಣಶಿಲೆಯ ಕಂಬಗಳು ತಿರುಗಿಸಿದವಲ್ಲ, ಕೆತ್ತಿದವು. ಮರವನ್ನು ಕಡೆಯುವ ವಿದ್ಯೆ ಉಳಿಯಿತು: ತೊಟ್ಟಿಲ ಗುಬುಟು, ಮಂಚದ ಕಾಲು, ಮಜ್ಜಿಗೆಯ ಕಡೆಗೋಲು ಇವುಗಳಿಗೆ ಊರೂರಿನಲ್ಲಿಯೂ ಬೇಡಿಕೆಯಿತ್ತು. ಲೋಹವನ್ನು ಕಡೆಯುವ ಯಂತ್ರ ಮಾತ್ರ ಬೇರೆ ದಾರಿಯಿಂದ ಬಂದದ್ದು. ೧೮೦೦ರ ಸುಮಾರಿಗೆ ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೇ ತಿರುಪು ಕತ್ತರಿಸುವ ಲೇತನ್ನು ಪರಿಷ್ಕರಿಸಿ, ಉಳಿಯನ್ನು ಕೈಯಿಂದ ಬಿಡಿಸಿ ಕಬ್ಬಿಣದ ಜಾರುಪೀಠಕ್ಕೆ ಬಿಗಿದನು. ಈ ಬದಲಾವಣೆ ಸಣ್ಣದಾಗಿ ತೋರಿದರೂ ಅದರ ಪರಿಣಾಮ ಅಪಾರ. ಅಲ್ಲಿಯವರೆಗೆ ನಿಖರತೆ ಕೈಯಲ್ಲಿತ್ತು. ಅಲ್ಲಿಂದಾಚೆಗೆ ಅದು ಒಂದು ತಿರುಪಿನ ಹಲ್ಲುಗಳಲ್ಲಿ ನೆಲೆಸಿತು.

ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆ ನೆಲೆಯೂರಿದ ಕಥೆ ತಿಳಿದದ್ದೇ ಆದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ೧೯೪೦ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ, ೧೯೪೧ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ೧೯೬೨ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಬೆಂಗಳೂರಿನ ಕೇಂದ್ರ ಸಂಸ್ಥೆ. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು; ಅಲ್ಲಿ ತಯಾರಾದ ಲೇತುಗಳು ಆ ಕಾರ್ಖಾನೆಗಿಂತ ಹೆಚ್ಚು ಕಾಲ ಬದುಕಿದವು.

ಹಾಸನ ಸೀಮೆಗೆ ಇದು ತಲುಪಿದ್ದು ಎರಡು ದಾರಿಗಳಿಂದ. ಒಂದು ಶಾಲೆಯ ದಾರಿ. ೧೯೫೦ರಲ್ಲಿ ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾಗಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎಂಬ ಹೆಸರಿನ ಕಸುಬುಗಳು ಜಾತಿಯ ಹಂಗಿಲ್ಲದೆ ಕಲಿಯಬಹುದಾದ ವಿದ್ಯೆಗಳಾದವು. ಹಾಸನದ ಎಲ್.ವಿ. ಪಾಲಿಟೆಕ್ನಿಕ್ ಒಕ್ಕಲು ಮಕ್ಕಳಿಗೆ ತಾಂತ್ರಿಕ ವಿದ್ಯೆಯ ಬಾಗಿಲಾಯಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಿಂದ ಬಂದು ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದ ಎಚ್.ಡಿ. ದೇವೇಗೌಡರು ೧೯೯೬ರಲ್ಲಿ ಪ್ರಧಾನಮಂತ್ರಿಗಳಾದದ್ದು ಎಲ್ಲರಿಗೂ ತಿಳಿದಿದೆ. ೧೯೬೦ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಡೆನ್ಮಾರ್ಕಿನ ನೆರವಿನಿಂದ ೧೯೭೨ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೊಂದು ಹಾಸನದಲ್ಲಿಯೂ ಇದೆ. ಕುಲದ ಗುಟ್ಟಾಗಿದ್ದ ಕಸುಬು ಪ್ರವೇಶಪತ್ರ ತುಂಬಿದವರ ಹಕ್ಕಾದದ್ದು ಈ ಜಿಲ್ಲೆಯ ಸಾಮಾಜಿಕ ಚರಿತ್ರೆಯಲ್ಲಿ ಚಿಕ್ಕ ಘಟನೆಯಲ್ಲ. ಅದಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ಇನ್ನೊಂದು ಅಂಗಡಿಯ ದಾರಿ. ೧೯೭೯ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣವಾಗಿ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಈ ತಾಲ್ಲೂಕುಗಳ ಬೇಸಾಯ ಬದಲಾಯಿತು. ನೀರೆತ್ತುವ ಪಂಪು, ಕಬ್ಬು ಅರೆಯುವ ಗಾಣ, ಟ್ರಾಕ್ಟರು, ಅಕ್ಕಿ ಗಿರಣಿ ಇವುಗಳ ಶಾಫ್ಟು ಸವೆಯದೆ, ಬುಷ್ಷು ಹೋಗದೆ ಇರುವುದಿಲ್ಲ. ಹಾಸನ ಪೇಟೆಗೆ ಸಕಲೇಶಪುರದ ಕಡೆಯಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳೂ ರಿಪೇರಿಗೆ ಬರುವುದುಂಟು. ತಾಲ್ಲೂಕು ಕೇಂದ್ರಗಳ ಲೇತಿನ ಅಂಗಡಿಗಳು ಬೆಳೆದದ್ದು ಈ ರಿಪೇರಿಯ ಅನ್ನದಿಂದಲೇ ಎಂದು ನಾವು ತಿಳಿಯುತ್ತೇವೆ. ಅವು ಹೊಸ ವಸ್ತುವನ್ನು ತಯಾರಿಸಿದ್ದು ಕಡಮೆ. ಸವೆದದ್ದನ್ನು ಮತ್ತೆ ತುಂಬಿಸಿ ಅಳತೆಗೆ ತಂದದ್ದು ಹೆಚ್ಚು. ಪ್ರಾಯಶಃ ಇದರಿಂದಲೇ ಅಲ್ಲಿಯ ಕಲಿಕೆ ಶಾಲೆಯ ಕಲಿಕೆಗಿಂತ ಭಿನ್ನವಾಯಿತು. ಶಾಲೆಯಲ್ಲಿ ನಕ್ಷೆ ಮೊದಲು, ವಸ್ತು ಆಮೇಲೆ. ಅಂಗಡಿಯಲ್ಲಿ ಮುರಿದ ವಸ್ತುವೇ ನಕ್ಷೆ.

ಅಂಗಡಿಗೆ ಸೇರಿದ ಹುಡುಗ ಮೊದಲು ಕಸ ಗುಡಿಸುತ್ತಾನೆ, ಲೋಹದ ಸುರುಳಿಗಳನ್ನು ಬಾಚುತ್ತಾನೆ, ಅರ ಹಿಡಿಯುತ್ತಾನೆ. ಬಹಳ ದಿನಗಳ ಮೇಲೆ ಅವನಿಗೆ ಸಾಣೆಯ ಮುಂದೆ ನಿಂತು ಉಳಿಯ ಮೊನೆಯನ್ನು ಮಸೆಯುವ ಅಪ್ಪಣೆಯಾಗುತ್ತದೆ. ಮೊನೆಗೆ ಎಷ್ಟು ಓರೆ ಕೊಡಬೇಕು, ಉಕ್ಕಿಗೆ ಎಷ್ಟು, ಹಿತ್ತಾಳೆಗೆ ಎಷ್ಟು ಎಂಬುದನ್ನು ಯಾರೂ ಡಿಗ್ರಿಯಲ್ಲಿ ಹೇಳಿಕೊಡುವುದಿಲ್ಲ. ಬರುವ ಸುರುಳಿಯ ಬಣ್ಣ, ಉದ್ದ, ಯಂತ್ರದ ಸದ್ದು ಇವುಗಳಿಂದ ಅವನೇ ತಿಳಿಯಬೇಕು. ಕೆಲಸ ಸರಿಯಾಗಿ ನಡೆದಾಗ ಒಂದು ಬಗೆಯ ಸದ್ದು, ಉಳಿ ನಡುಗಿದಾಗ ಬೇರೊಂದು ಬಗೆಯ ಕೀರಲು. ಸವೆದ ತಿರುಪಿನಲ್ಲಿ ಹಿಡಿಯನ್ನು ತಿರುಗಿಸಿದರೂ ಪೀಠ ಕದಲದ ಆ ಖಾಲಿ ಜಾಗಕ್ಕೆ ‘ಪ್ಲೇ’ ಎನ್ನುತ್ತಾರೆ. ಹಳೆಯ ಲೇತಿನಲ್ಲಿ ಅದು ಎಷ್ಟಿದೆಯೆಂದು ಮೇಸ್ತ್ರಿಯ ಕೈಗೆ ಗೊತ್ತು. ಅಷ್ಟನ್ನು ಕಳೆದೇ ಅವನು ಅಳತೆ ಹಿಡಿಯುತ್ತಾನೆ.

ಈಗ ಅಂಕೆಯಿಂದ ನಡೆಯುವ ಯಂತ್ರಕ್ಕೆ ಬರೋಣ. ಅದರ ಮೂಲ ಅಮೆರಿಕದ ಮಿಚಿಗನ್ನಿನಲ್ಲಿದೆ. ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಯನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕಿ ಕತ್ತರಿಸುವ ಜಾನ್ ಪಾರ್ಸನ್ಸ್ ಎಂಬಾತನ ಯೋಚನೆಯನ್ನು ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಬೆಳೆಸಿ, ೧೯೫೨ರಲ್ಲಿ ರಂಧ್ರ ಹೊಡೆದ ಪಟ್ಟಿಯ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಬಹುಕಾಲ ಇದು ದೊಡ್ಡ ಕಾರ್ಖಾನೆಗಳ ಸೊತ್ತಾಗಿತ್ತು. ೨೦೦೫ರಲ್ಲಿ ಇಟಲಿಯಲ್ಲಿ ಆರಂಭವಾದ ಆರ್ಡುಯಿನೊ ಎಂಬ ಅಗ್ಗದ ವಿದ್ಯುನ್ಮಾನ ಫಲಕ, ಅದರ ಮೇಲೆ ಓಡುವಂತೆ ೨೦೦೯ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶ ಇವು ಬಂದ ಮೇಲೆ ಅದು ಮನೆಯ ಮೇಜಿಗೆ ಇಳಿಯಿತು.

ಇಂಥ ಯಂತ್ರವನ್ನು ಮಾರುವವರು ಅದರ ಸೂಕ್ಷ್ಮತೆಯನ್ನು ದೊಡ್ಡದಾಗಿ ಹೇಳುತ್ತಾರೆ. ಲೆಕ್ಕವೇನೋ ಸರಿಯೇ: ಸುತ್ತಿಗೆ ೨೦೦ ಹೆಜ್ಜೆಯ ಮೋಟಾರು, ಒಂದೊಂದು ಹೆಜ್ಜೆಯನ್ನು ೧೬ ಭಾಗ ಮಾಡುವ ಚಾಲಕ, ಸುತ್ತಿಗೆ ೪ ಮಿಲಿಮೀಟರ್ ಸಾಗುವ ತಿರುಪು ಎಂದರೆ ಮಿಲಿಮೀಟರಿಗೆ ೮೦೦ ಹೆಜ್ಜೆ, ಒಂದು ಹೆಜ್ಜೆ ೦.೦೦೧೨೫ ಮಿಲಿಮೀಟರ್. ಆದರೆ ಇದು ಕಾಗದದ ಮೇಲಿನ ಸೂಕ್ಷ್ಮತೆ. ತಿರುಪಿನಲ್ಲಿ ಕೂದಲೆಳೆಯಷ್ಟು, ಅಂದರೆ ೦.೦೫ ಮಿಲಿಮೀಟರ್ ‘ಪ್ಲೇ’ ಇದ್ದರೆ, ದಿಕ್ಕು ಬದಲಿಸಿದಾಗಲೆಲ್ಲ ನಲವತ್ತು ಹೆಜ್ಜೆಗಳು ಗಾಳಿಯಲ್ಲಿ ಹೋಗುತ್ತವೆ. ಗಣಕಕ್ಕೆ ಅದು ತಿಳಿಯುವುದಿಲ್ಲ. ದುಂಡಗೆ ಆಗಬೇಕಾದ ರಂಧ್ರ ಮೊಟ್ಟೆಯಾಕಾರವಾಗಿ ಬಂದಾಗ ಕಲಿಯುವವನಿಗೆ ತಿಳಿಯುತ್ತದೆ. ಮೇಸ್ತ್ರಿಯ ಕೈಗೆ ಗೊತ್ತಿದ್ದದ್ದನ್ನು ಇವನು ಡಯಲ್ ಗೇಜು ಇಟ್ಟು ಅಳೆದು ಯಂತ್ರಕ್ಕೆ ಹೇಳಬೇಕು, ಅಥವಾ ತಿರುಪನ್ನೇ ಬದಲಿಸಬೇಕು.

ವೇಗದ ವಿಚಾರದಲ್ಲಿಯೂ ಹೀಗೆಯೇ. ಕಾರ್ಬೈಡಿನ ೬ ಮಿಲಿಮೀಟರ್ ಕಟ್ಟರಿಗೆ ಅಲ್ಯೂಮಿನಿಯಮ್ಮಿನಲ್ಲಿ ನಿಮಿಷಕ್ಕೆ ೧೫೦ ಮೀಟರ್ ಎಂದು ಹಿಡಿದರೆ ಸುಮಾರು ೮೦೦೦ ಸುತ್ತು. ಎರಡು ಹಲ್ಲು, ಒಂದೊಂದು ಹಲ್ಲು ೦.೦೩ ಮಿಲಿಮೀಟರ್ ಕಚ್ಚಬೇಕೆಂದರೆ ಮೇಜು ನಿಮಿಷಕ್ಕೆ ೪೮೦ ಮಿಲಿಮೀಟರ್ ಸಾಗಬೇಕು. ಹೆದರಿದ ಹೊಸಬ ಇದನ್ನು ನೂರಕ್ಕೆ ಇಳಿಸುತ್ತಾನೆ. ಆಗ ಹಲ್ಲು ಕಚ್ಚುವುದನ್ನು ಬಿಟ್ಟು ಉಜ್ಜುತ್ತದೆ, ಲೋಹ ಬಿಸಿಯಾಗಿ ಕಟ್ಟರಿಗೆ ಮೆತ್ತಿಕೊಳ್ಳುತ್ತದೆ, ಕಟ್ಟರು ಮುರಿಯುತ್ತದೆ. ಹಗುರವಾದ ಯಂತ್ರದಲ್ಲಿ ಕಡಮೆ ಮಾಡಬೇಕಾದದ್ದು ಆಳವನ್ನು, ಸಾಗುವ ವೇಗವನ್ನಲ್ಲ ಎಂಬ ಈ ಮಾತನ್ನೂ, ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆಯ ಹನಿ ಬಿಡಬೇಕೆಂಬುದನ್ನೂ, ವೈಸಿನಲ್ಲಿ ವಸ್ತು ಅಲುಗಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲವೆಂಬುದನ್ನೂ ಲೇತಿನ ಅಂಗಡಿಯಲ್ಲಿ ಹತ್ತು ವರ್ಷ ಕಳೆದವರಿಗೆ ಯಾರೂ ಹೇಳಬೇಕಾಗಿಲ್ಲ. ಅಂಕೆಯ ಯಂತ್ರ ಕೈಚಳಕವನ್ನು ತೊಡೆದುಹಾಕಲಿಲ್ಲ. ಅದನ್ನು ಕೆಲಸ ಆರಂಭವಾಗುವುದಕ್ಕೆ ಮುಂಚಿನ ಗಳಿಗೆಗಳಿಗೆ ಸರಿಸಿತು. ವಸ್ತುವನ್ನು ಬಿಗಿಯುವುದು, ಸೊನ್ನೆಯನ್ನು ಹಿಡಿಯುವುದು, ಸದ್ದನ್ನು ಆಲಿಸಿ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದು ಇವೆಲ್ಲ ಮನುಷ್ಯನ ಪಾಲಿಗೇ ಉಳಿದಿವೆ.

ಆದರೆ ವಿದ್ಯೆಯ ಈ ಎರಡು ದಾರಿಗಳು ಒಂದನ್ನೊಂದು ಸೇರುವ ಮೊದಲೇ ಒಂದು ದಾರಿ ಮುಚ್ಚಿಹೋಗುವ ಲಕ್ಷಣಗಳು ಕಾಣುತ್ತಿವೆ. ಈ ತಾಲ್ಲೂಕುಗಳ ಯುವಕರು ದಶಕಗಳಿಂದ ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತಿದ್ದಾರೆ. ೨೦೧೭ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೂ ಬೆಂಗಳೂರಿಗೂ ನೇರ ರೈಲು ಆದ ಮೇಲೆ ಚನ್ನರಾಯಪಟ್ಟಣದವರಿಗೆ ಆ ದೂರ ಇನ್ನೂ ಹತ್ತಿರವಾಯಿತು. ಸವೆದ ಬುಷ್ಷಿಗೆ ಬದಲು ಹೊಸ ಬುಷ್ಷು ಕಂಪೆನಿಯಿಂದ ಬರುವ ಕಾಲದಲ್ಲಿ ರಿಪೇರಿಯ ಅನ್ನ ತೆಳುವಾಗಿದೆ. ಮಗ ಅಂಗಡಿಗೆ ಬರದಿದ್ದರೆ ಹಳೆಯ ಲೇತು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ, ಅದರ ‘ಪ್ಲೇ’ ಎಷ್ಟೆಂದು ತಿಳಿದಿದ್ದ ಕೈ ಮನೆಯ ಜಗುಲಿ ಸೇರುತ್ತದೆ. ಶಾಸನವಾದರೆ ಕಲ್ಲಿನ ಮೇಲಿರುತ್ತದೆ, ನೂರು ವರ್ಷ ತಡವಾಗಿ ಹೋದರೂ ಓದಬಹುದು. ಈ ವಿದ್ಯೆಗೆ ಶಾಸನವಿಲ್ಲ. ಆಯುಧಪೂಜೆಯ ದಿನ ಯಂತ್ರದ ಮೈಮೇಲೆ ಹಚ್ಚಿದ ಕುಂಕುಮದಷ್ಟೇ ಅದರ ಬರೆಹ.

ಚರಿತ್ರೆಯ ವಿಭಾಗಗಳೂ ಯಂತ್ರಶಾಸ್ತ್ರದ ವಿಭಾಗಗಳೂ ಒಟ್ಟಾಗಿ ಕೈಹಾಕಬಹುದಾದ ಕೆಲಸ ಎರಡಿದೆ. ನಾಲ್ಕು ಪಟ್ಟಣಗಳ ವಯಸ್ಸಾದ ಮೇಸ್ತ್ರಿಗಳಿಂದ ಕಸುಬಿನ ಮಾತುಗಳನ್ನು, ಅಳತೆಗಳನ್ನು, ಕಲಿತ ಕ್ರಮವನ್ನು ಧ್ವನಿಮುದ್ರಿಸಿ ಬರೆದಿಡುವುದು ಒಂದು. ಕಂಬಗಳ ದುಂಡುತನವನ್ನು ಅಳೆಯುವುದು ಇನ್ನೊಂದು. ಕಲ್ಲಿಗೆ ಗಾಯವಾಗದಂತೆ, ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಕಂಬದ ಸುತ್ತ ಒಂದು ಚೌಕಟ್ಟನ್ನು ನಿಲ್ಲಿಸಿ ಲೇತಿನ ಅಂಗಡಿಯ ಡಯಲ್ ಗೇಜಿನಿಂದಲೇ ಮೈಯನ್ನು ಸುತ್ತಲೂ ಮುಟ್ಟಿ ನೋಡಬಹುದು. ತಿರುಗಿಸಿ ಕಡೆದದ್ದಾದರೆ ಘಂಟೆ, ಕುಂಭ, ಬಿಲ್ಲೆ ಎಲ್ಲಕ್ಕೂ ಕೇಂದ್ರ ಒಂದೇ ರೇಖೆಯ ಮೇಲಿರಬೇಕು. ಕೈಯಿಂದ ಕೆತ್ತಿದ್ದಾದರೆ ಒಂದೊಂದರ ಕೇಂದ್ರ ಒಂದೊಂದು ಕಡೆಗೆ ಜಾರಿರಬೇಕು. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಕಡೆಗೇ ಮೊಸಳೆಯ ನಾಗೇಶ್ವರ, ಚೆನ್ನಕೇಶವ ಎಂಬ ಜೋಡಿ ಗುಡಿಗಳಿವೆ. ಮೊಸಳೆಹೊಸಹಳ್ಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಅಲ್ಲಿಗೆ ದೂರವಲ್ಲ. ಗೇಜು, ಚೌಕಟ್ಟು, ಇಬ್ಬರು ವಿದ್ಯಾರ್ಥಿಗಳು, ಒಂದು ಹಳೆಯ ಅಂಗಡಿಯ ಮೇಸ್ತ್ರಿ ಇಷ್ಟಿದ್ದರೆ ಒಂದು ಕಂಬಕ್ಕೆ ಒಂದು ಬೆಳಗಿನ ಹೊತ್ತು ಸಾಕಾಗುತ್ತದೆ.